ನೆಲ ಮುಟ್ಟಲು ಕಲಿಸಿದವರಿಗೆ

ಕಳೆದ ತಿಂಗಳು ನನಗೆ ಅಮೆರಿಕದ ಖಾಸಗಿ ಪೈಲಟ್ ಪರವಾನಗಿ ದೊರೆಯಿತು. ಸುದ್ದಿ ತಿಳಿದ ಬಂಧುಗಳೂ ಸ್ನೇಹಿತರೂ ಶುಭ ಹಾರೈಸಿದ್ದಾರೆ. ಇದಕ್ಕೆ ಇಷ್ಟು ಕಾಲ ಏಕೆ ಬೇಕಾಯಿತೆಂದು ಸಂಕೋಚವಿಲ್ಲದೆ ವಿಚಾರಿಸಿಯೂ ಇದ್ದಾರೆ. ವಿಮಾನವನ್ನು ಏರಿಸುವುದು, ತಿರುಗಿಸುವುದು, ನಕ್ಷೆ ನೋಡಿಕೊಂಡು ಊರಿಂದ ಊರಿಗೆ ಒಯ್ಯುವುದು ಎಲ್ಲವೂ ಕೈಗೆ ಹತ್ತಿದ ಮೇಲೂ ಇಳಿಸುವುದೊಂದು ಮಾತ್ರ ಬಹುಕಾಲ ಹತ್ತಲಿಲ್ಲ ಎಂಬುದೇ ಅದಕ್ಕೆ ಉತ್ತರ. ಅದು ಹತ್ತುವಂತೆ ಮಾಡಿದವರು ಹಲವರು. ಹೆಸರು ಹಾಕುವುದು ಬೇಡವೆಂದು ಅವರಲ್ಲಿ ಕೆಲವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಹೇಳದೆ, ಅವರು ಮಾಡಿದ ಉಪಕಾರವನ್ನಷ್ಟೇ ಇಲ್ಲಿ ನೆನೆಯುತ್ತಿದ್ದೇನೆ.

ನಾನು ಕಲಿತದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಪೂರ್ವ ಭಾಗದಲ್ಲಿರುವ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ. ಅಲ್ಲಿ ಒಂದರ ಪಕ್ಕದಲ್ಲೊಂದು ಎರಡು ರನ್‌ವೇಗಳಿವೆ. ಒಂದೊಂದೂ ಸುಮಾರು 3,100 ಅಡಿ ಉದ್ದ, 75 ಅಡಿ ಅಗಲ. ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುವುದರಿಂದ ಈಸ್ಟ್‌ರಿಡ್ಜ್ ಮಾಲ್ ಇರುವ ಕಡೆಯಿಂದ ಬಂದು ಇಳಿಯಬೇಕು. ವಿಮಾನ, ಇಲ್ಲಿ ಕಲಿಯುವವರಲ್ಲಿ ಬಹುಪಾಲು ಜನರಿಗೆ ಪರಿಚಿತವಾದ, ಒಂದೇ ಎಂಜಿನ್ನಿನ ಚಿಕ್ಕ ಸೆಸ್ನಾ 172. ಮಾಲ್ ದಾಟಿ ರನ್‌ವೇ ತುದಿಯವರೆಗೂ ನನಗೆ ತೊಂದರೆಯಿರಲಿಲ್ಲ. ಇದ್ದ ತೊಂದರೆಯೆಲ್ಲ ಕೊನೆಯ ಹತ್ತು ಅಡಿಯಲ್ಲಿ. ಅಲ್ಲಿ ಮೂತಿಯನ್ನು ನಿಧಾನವಾಗಿ ಎತ್ತುತ್ತಾ ವೇಗವನ್ನು ಕರಗಿಸಿ ಹಿಂದಿನ ಚಕ್ರಗಳ ಮೇಲೆ ಕೂರಿಸಬೇಕು. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಬೇಗ ಎತ್ತಿದರೆ ವಿಮಾನ ಮತ್ತೆ ಮೇಲೇರಿ, ವೇಗ ಸತ್ತು, ಧೊಪ್ಪನೆ ಬೀಳುತ್ತದೆ. ತಡವಾದರೆ ಮುಂಚಕ್ರ ಮೊದಲು ಬಡಿದು ಪುಟಿಯುತ್ತದೆ. ಪುಟಿದಾಗ ಗಾಬರಿಯಿಂದ ಮೂತಿಯನ್ನು ಕೆಳಗೆ ಒತ್ತಿದರೆ ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಜೋರಾಗಿರುತ್ತದೆ.

ಇದಕ್ಕೆ ಎಲ್ಲರೂ ಹೇಳುತ್ತಿದ್ದ ಪರಿಹಾರ ಒಂದೇ, ಇನ್ನೊಂದು ಸುತ್ತು ಹೊಡೆಯಿರಿ, ಅಂದರೆ ಮತ್ತೆ ಏರಿ, ನಿಲ್ದಾಣವನ್ನು ಸುತ್ತಿ ಬಂದು ಇಳಿಯಿರಿ. ಸುತ್ತು ಹೊಡೆಯುವುದಕ್ಕೆ ನನ್ನ ಅಭ್ಯಂತರವಿರಲಿಲ್ಲ, ಗಂಟೆಯ ಬಾಡಿಗೆಯ ಬಗ್ಗೆ ಮನೆಯಲ್ಲಿ ಕೊಂಚ ಇತ್ತು. ಆದರೆ ಅದರ ಲೆಕ್ಕವನ್ನು ಮೊದಲ ಬಾರಿಗೆ ನನ್ನ ಮುಂದಿಟ್ಟವರು ನನ್ನ ಎರಡನೆಯ ಶಿಕ್ಷಕಿ. ಗಂಟೆಗೆ ಎಂಟೋ ಹತ್ತೋ ಸುತ್ತುಗಳಾಗುತ್ತವೆ, ಒಂದೊಂದರಲ್ಲೂ ಫ್ಲೇರ್ ಇರುವುದು ನಾಲ್ಕೈದು ಸೆಕೆಂಡು, ಅಂದರೆ ಒಂದು ಗಂಟೆ ದುಡ್ಡು ಕೊಟ್ಟು ಹಾರಿದವರು ತಮಗೆ ಬಾರದ ಆ ಒಂದು ಕೆಲಸವನ್ನು ಮಾಡಿರುವುದು ಒಂದು ನಿಮಿಷಕ್ಕೂ ಕಡಿಮೆ ಎಂದು ಅವರು ನನ್ನ ಲಾಗ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು. "ನಿಮಗೆ ಇಳಿಸಲು ಬರುವುದಿಲ್ಲ ಎಂದಲ್ಲ, ಇಳಿಯುವುದನ್ನು ನೋಡಲು ನಿಮಗೆ ಸಮಯವೇ ಸಿಕ್ಕಿಲ್ಲ" ಎಂದರು. ನನ್ನ ಪಾಲಿಗೆ ಕಲಿಕೆ ಶುರುವಾದದ್ದು ಆ ಮಾತಿನಿಂದ.

ಆ ಸಮಯವನ್ನು ಒದಗಿಸಲು ಅವರು ನನ್ನನ್ನು ಬೆಟ್ಟಸಾಲು ದಾಟಿಸಿ, ಮಧ್ಯ ಕಣಿವೆಯಲ್ಲಿ ಮರ್ಸೆಡ್ ಬಳಿಯ ಕ್ಯಾಸಲ್ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ಅದು 1995ರಲ್ಲಿ ಮುಚ್ಚಿದ ವಾಯುನೆಲೆ. ಬಿ-52 ಬಾಂಬರುಗಳು ಹಾರುತ್ತಿದ್ದ ಅಲ್ಲಿನ ರನ್‌ವೇ 11,800 ಅಡಿ ಉದ್ದವಿದೆ, ಎಂದರೆ ಮೂರೂವರೆ ಕಿಲೋಮೀಟರಿಗೂ ಹೆಚ್ಚು. ಅಲ್ಲಿ ನಾವು ಇಳಿಯಲೇ ಇಲ್ಲ. ಎಂಜಿನ್ನಿನ ಶಕ್ತಿಯನ್ನು ಪೂರ್ತಿ ತೆಗೆಯದೆ ಸ್ವಲ್ಪ ಉಳಿಸಿಕೊಂಡು, 60 ನಾಟ್ (ಗಂಟೆಗೆ ಸುಮಾರು 110 ಕಿಲೋಮೀಟರ್) ವೇಗದಲ್ಲಿ, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ, ಚಕ್ರ ತಾಗಿಸದೆ ರನ್‌ವೇ ಉದ್ದಕ್ಕೂ ಹಾರಿ, ಕೊನೆಗೆ ಥ್ರಾಟಲ್ ಪೂರ್ತಿ ಒತ್ತಿ ಮೇಲೇರುವುದು ಅವರ ಪಾಠ. ಒಂದು ಸಲ ಹಾದುಹೋಗುವುದರೊಳಗೆ ಫ್ಲೇರ್‌ನಲ್ಲಿ ಒಂದೂವರೆ ನಿಮಿಷ ಸಿಗುತ್ತದೆ. ಮನೆಯ ನಿಲ್ದಾಣದಲ್ಲಿ ಅಷ್ಟಕ್ಕೆ ಎರಡು ಗಂಟೆ ಸುತ್ತಬೇಕು. ರೆಕ್ಕೆಗಳ ತುದಿಯಿಂದ ತುದಿಯವರೆಗಿನ ಅಳತೆಗಿಂತ ಕಡಿಮೆ ಎತ್ತರದಲ್ಲಿ ಗಾಳಿಯ ಎಳೆತ ಕಡಿಮೆಯಾಗಿ ವಿಮಾನ ತೇಲಲು ಬಯಸುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಅದನ್ನು ಬೆನ್ನಿನಿಂದಲೂ ಕೈಯಿಂದಲೂ ಅರಿತದ್ದು ಅಲ್ಲೇ. ಮೂತಿಯನ್ನು ಎತ್ತಿಳಿಸುವ ಹಿಡಿಕೆಯಾದ ಯೋಕನ್ನು ಹೆಬ್ಬೆರಳಿನಷ್ಟು ಎಳೆದರೆ ಎಷ್ಟು ಏರುತ್ತದೆ, ಬಿಟ್ಟರೆ ಎಷ್ಟು ಕುಸಿಯುತ್ತದೆ ಎಂಬುದನ್ನು ಅವಸರವಿಲ್ಲದೆ ನೋಡಬಹುದಾಗಿತ್ತು.

ಸೆಸ್ನಾದ ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಚಿಕ್ಕ ಕಂಡಿಯಿದೆ. ರೆಕ್ಕೆ ಇನ್ನು ಹೊರಲಾರೆನೆನ್ನುವ ಹಂತ ಹತ್ತಿರವಾದಾಗ ಅದರ ಮೂಲಕ ಗಾಳಿ ಎಳೆದುಕೊಂಡು ಪೀಪಿಯೊಂದು ಕ್ಷೀಣವಾಗಿ ಊದುತ್ತದೆ. ಆಕಾಶದಲ್ಲಿ ಅದು ಎಚ್ಚರಿಕೆ. ನೆಲದಿಂದ ಒಂದಡಿ ಮೇಲೆ ಅದೇ ಶುಭಸೂಚನೆ. ಆ ಪೀಪಿ ಊದುವವರೆಗೆ ನೆಲವನ್ನು ಮುಟ್ಟಗೊಡಬೇಡಿ ಎಂದು ಶಿಕ್ಷಕಿ ಹೇಳಿಕೊಟ್ಟರು. ವೇಗದ ವಿಷಯದಲ್ಲಿ ಅವರದು ಇನ್ನೂ ಬಿಗಿಯಾದ ಕಟ್ಟುನಿಟ್ಟು. ಕೊನೆಯ ಹಾದಿಯಲ್ಲಿ 65 ನಾಟ್ ಇರಬೇಕಾದಲ್ಲಿ 75 ಇದ್ದರೆ ಹತ್ತು ನಾಟ್ ಮಾತ್ರ ಹೆಚ್ಚೆಂದು ತೋರುತ್ತದೆ, ಆದರೆ ಕರಗಿಸಬೇಕಾದ ಚಲನಶಕ್ತಿ ಸುಮಾರು ಮೂರನೆಯ ಒಂದು ಪಾಲು ಹೆಚ್ಚಾಗಿರುತ್ತದೆ. ತೇಲಾಟಕ್ಕೂ ಪುಟಿತಕ್ಕೂ ಬಹಳ ಸಲ ಮೂಲ ಇದೇ. ಅವರಿಗೆ ನನ್ನ ಮೊದಲ ನಮಸ್ಕಾರ.

ಕ್ಯಾಸಲ್‌ನ ಪಾಠಕ್ಕೆ ಒಂದು ಕೊರತೆಯಿತ್ತು. ಆ ರನ್‌ವೇ ನಮ್ಮದಕ್ಕಿಂತ ಬಹಳ ಅಗಲ. ಅಗಲವಾದದ್ದಕ್ಕೆ ಒಗ್ಗಿದ ಕಣ್ಣಿಗೆ ಕಿರಿದಾದ ರನ್‌ವೇ ಕಂಡಾಗ ನಾವು ಇರುವುದಕ್ಕಿಂತ ಎತ್ತರದಲ್ಲಿದ್ದೇವೆಂಬ ಭ್ರಮೆ ಬಂದು ಕೈ ತಡವಾಗುತ್ತದೆ. ಮರಳಿ ಬಂದ ಮೇಲೆ ಆ ಭ್ರಮೆಯನ್ನು ಬಿಡಿಸಿದವರು ಪಕ್ಕದ ಹ್ಯಾಂಗರಿನ ಹಿರಿಯರು. ವಾರಾಂತ್ಯಗಳಲ್ಲಿ ಹಾಲಿಸ್ಟರ್‌ನಲ್ಲಿ ಎಂಜಿನ್ನಿಲ್ಲದ ಗ್ಲೈಡರ್ ಹಾರಿಸುವ ಅವರಿಗೆ ಇಳಿಯುವಾಗ ಎರಡನೆಯ ಅವಕಾಶವೆಂಬುದೇ ಇರುವುದಿಲ್ಲ. ಅವರು ನನ್ನನ್ನು ನಿಂತ ವಿಮಾನದೊಳಗೆ ಕೂರಿಸಿ, ತಾವು ಹಿಂದೆ ಹೋಗಿ ಬಾಲದ ಬುಡವನ್ನು ಎರಡೂ ಕೈಗಳಿಂದ ಅದುಮಿ ಹಿಡಿದರು. ಮೂತಿ ಮೇಲೆದ್ದಿತು, ಎದುರಿನ ರಸ್ತೆ ಎಂಜಿನ್ನಿನ ಮುಚ್ಚಳದ ಹಿಂದೆ ಮರೆಯಾಗಿ, ಗಾಜಿನ ಎಡಮೂಲೆಯಲ್ಲಿ ಅದರ ಅಂಚು ಮಾತ್ರ ಉಳಿಯಿತು. "ನೆಲ ಮುಟ್ಟುವ ಗಳಿಗೆಯಲ್ಲಿ ಕಾಣಬೇಕಾದದ್ದು ಇದು. ಮೂತಿಯ ಮುಂದಿನ ಡಾಂಬರನ್ನು ನೋಡಬೇಡಿ, ದೂರದ ತುದಿಯನ್ನೂ ಎರಡು ಬದಿಗಳನ್ನೂ ನೋಡಿ" ಎಂದರು. ಅರ್ಧ ಗಂಟೆ ಹಾಗೆ ಅದುಮಿ, ಬಿಟ್ಟು, ಮತ್ತೆ ಅದುಮಿ ತೋರಿಸಿದರು. ಆ ವಯಸ್ಸಿನಲ್ಲಿ ಅವರ ಸೊಂಟ ಏನೆಂದಿತೋ ಕಾಣೆ. ಮನೆಯ ಕಂಪ್ಯೂಟರಿನ ಸಿಮ್ಯುಲೇಟರ್ ರೇಡಿಯೋ ಮಾತಿಗೂ ದಾರಿಯ ಲೆಕ್ಕಕ್ಕೂ ಒಳ್ಳೆಯದೇ, ಆದರೆ ಆ ಅರ್ಧ ಗಂಟೆ ಕೊಟ್ಟದ್ದನ್ನು ಅದು ಕೊಡಲಾರದೆಂಬುದು ನನ್ನ ಅಭಿಪ್ರಾಯ.

ರೀಡ್-ಹಿಲ್‌ವ್ಯೂ ಟವರಿನಲ್ಲಿ ಕೂತು ರೇಡಿಯೋದಲ್ಲಿ ವಿಮಾನಗಳಿಗೆ ಸರದಿ ಹೇಳುವವರ ಮುಖಗಳನ್ನು ನಾನು ಕಂಡಿಲ್ಲ, ಆದರೆ ದನಿಗಳನ್ನು ಬಲ್ಲೆ. ಇಳಿಯುವುದು ಸರಿಹೋಗದೆ "ಗೋ ಅರೌಂಡ್" ಎಂದು ಹೇಳಿ ನಾನು ಮೇಲೇರಿದಾಗಲೆಲ್ಲ, ಹಿಂದೆ ಎರಡು ಮೂರು ವಿಮಾನಗಳು ಸಾಲುಗಟ್ಟಿದ್ದರೂ ಅವರ ದನಿಯಲ್ಲಿ ಬೇಸರ ಕೇಳಿದ್ದಿಲ್ಲ. ಈ ಸೌಜನ್ಯ ಸಣ್ಣದೆಂದು ಯಾರೂ ಭಾವಿಸಬಾರದು. ಬಿಟ್ಟು ಮೇಲೇರುವುದಕ್ಕೆ ನಾಚಿಕೆಪಡುವ ಕಲಿಕೆಗಾರ ಕೆಟ್ಟ ಇಳಿತವನ್ನು ಹೇಗಾದರೂ ಮುಗಿಸಲು ಹೊರಡುತ್ತಾನೆ, ಅಪಾಯವಿರುವುದು ಅಲ್ಲಿ. ಜೋರಾಗಿ ಕೂತ ದಿನಗಳಲ್ಲಿ ಟಾರ್ಚು ಹಿಡಿದು ಎಂಜಿನ್ನಿನ ಹಿಂದಿನ ತಗಡು ಸುಕ್ಕುಗಟ್ಟಿದೆಯೇ, ಮುಂಚಕ್ರದ ಪೆಟ್ಟು ತಾಳುವ ಕಂಬವಾದ ಸ್ಟ್ರಟ್ ಎಣ್ಣೆ ಬಿಟ್ಟಿದೆಯೇ ಎಂದು ನೆಲದ ಮೇಲೆ ಮಲಗಿ ನೋಡುತ್ತಿದ್ದ ಮೆಕ್ಯಾನಿಕ್ ಮಹನೀಯರಿಗೂ ನಾನು ಋಣಿ. ಪರೀಕ್ಷಕರು ನ್ಯಾಯವಾಗಿ ನಡೆಸಿಕೊಂಡರು. ಅವರು ತೋರಿಸಿದ ಗುರುತಿನಿಂದ 200 ಅಡಿಯೊಳಗೆ ಚಕ್ರ ಊರಬೇಕಿತ್ತು, ಊರಿತು.

ಮನೆಯವರ ವಿಷಯ. ಪ್ರತಿ ಶನಿವಾರ ಬೆಳಗ್ಗೆ ಮಕ್ಕಳನ್ನು ಈಜಿಗೂ ಕನ್ನಡ ತರಗತಿಗೂ ಒಬ್ಬಳೇ ಕರೆದೊಯ್ದ ಪತ್ನಿ, ಸಂಜೆ ನನ್ನ ಮುಖ ನೋಡಿಯೇ ಆ ದಿನದ ಇಳಿತ ಹೇಗಿತ್ತೆಂದು ತಿಳಿದುಕೊಂಡು, ಕೆಟ್ಟ ದಿನಗಳಲ್ಲಿ ಏನನ್ನೂ ಕೇಳದೆ ಊಟ ಬಡಿಸುತ್ತಿದ್ದಳು. ಹಾಸನದಿಂದ ಬಂದಿರುವ ಅಮ್ಮ, "ನಿನಗೆ ಕಾರು ಓಡಿಸೋದು ಸಾಕಾಗಲಿಲ್ಲವೇನೋ?" ಎಂದು ಗದರಿದರೂ ಪರೀಕ್ಷೆಯ ದಿನ ಬೆಳಗ್ಗೆ ತುಪ್ಪದ ದೀಪ ಹಚ್ಚಿದ್ದರು. ಅಪ್ಪ ಹೋದ ವಾರ ನನ್ನ ಪಕ್ಕದ ಸೀಟಿನಲ್ಲಿ ಕೂತು ದಕ್ಷಿಣಕ್ಕೆ ಸ್ಯಾನ್ ಮಾರ್ಟಿನ್‌ವರೆಗೆ ಬಂದರು. ಇಳಿಯುವಾಗ ಪೀಪಿ ಊದಿದ್ದನ್ನು ಕೇಳಿ, ಅದೇನು ಕೆಟ್ಟಿತು ಎಂದರು. ಕೆಟ್ಟಿಲ್ಲವೆಂದು ವಿವರಿಸುವುದರೊಳಗೆ ಚಕ್ರಗಳು ನೆಲದ ಮೇಲಿದ್ದವು.

ನಮ್ಮನ್ನೂ ಕರೆದುಕೊಂಡು ಹೋಗು ಎಂದು ಕೇಳಿರುವ ಸ್ನೇಹಿತರೆಲ್ಲರಿಗೂ ಸ್ವಾಗತ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕೆಂಬ ನಿಯಮವಿದೆ, ಅದನ್ನು ನಾನು ಪಾಲಿಸುತ್ತೇನೆ. ಮಧ್ಯಾಹ್ನದ ಗಾಳಿ ಏಳುವ ಮುಂಚೆ, ಬೆಳಗ್ಗೆಯೇ ಹೊರಡಬೇಕು. ನಾಲ್ಕು ಸೀಟಿದ್ದರೂ ತುಂಬಿದ ಟ್ಯಾಂಕಿನೊಡನೆ ನಾಲ್ವರು ದೊಡ್ಡವರನ್ನು ಈ ವಿಮಾನ ಸಾಮಾನ್ಯವಾಗಿ ಹೊರಲಾರದು. ಆದ್ದರಿಂದ ಬರುವವರು ತಮ್ಮ ತೂಕವನ್ನು, ದಯವಿಟ್ಟು ನಿಜವಾದ ತೂಕವನ್ನು, ಹಿಂದಿನ ದಿನವೇ ತಿಳಿಸಬೇಕೆಂದು ವಿನಂತಿ.