ರದ್ದಿಗೆ ಹಾಕಲಿಲ್ಲ, ಮಗಳೇ

ಪ್ರೀತಿಯ ಪುಟ್ಟಿ,

ನಾಡಿದ್ದು ನಿನ್ನ ವಿಮಾನ. "ಅಟ್ಟದ ಮೇಲಿರೋ ನನ್ನ ಕಥೆ ನೋಟ್‌ಬುಕ್ಕೆಲ್ಲ ರದ್ದಿಗೆ ಹಾಕಿಬಿಡಮ್ಮ, ಇನ್ನು ಕೂಸು ಕಟ್ಕೊಂಡು ಬರೆದ ಹಾಗೇ ಇದೆ" ಅಂದೆಯಲ್ಲ, ಅದಕ್ಕೇ ನಾನು ರೇಗಿದ್ದು. ಬೇಜಾರು ಮಾಡಿಕೊಳ್ಳಬೇಡ. ಅವನ್ನೆಲ್ಲ ನಿನ್ನ ಸೂಟ್‌ಕೇಸಿನಲ್ಲೇ ಇಟ್ಟಿದ್ದೇನೆ.

ನೀನು ಹೋಗುತ್ತಿರುವ ಆ ಲಂಡನ್ನಿಗೇ 1962ರಲ್ಲಿ ನೈಜೀರಿಯಾದ ಲಾಗೋಸ್‌ನಿಂದ ಬುಚಿ ಎಮೆಚೆಟಾ ಅನ್ನುವ ಲೇಖಕಿ ಬಂದಿದ್ದಳು. 16ಕ್ಕೆ ಮದುವೆ, ಎರಡು ಕೂಸು, ಮುಂಚೆಯೇ ಓದಲು ಹೋಗಿದ್ದ ಗಂಡ. ದುಡಿದು ಮನೆ ನಡೆಸಿದವಳೂ ಅವಳೇ. ಅಷ್ಟರ ನಡುವೆ ಒಂದು ಕಾದಂಬರಿ ಬರೆದಳು. ಆ ಹಸ್ತಪ್ರತಿಯನ್ನು ಗಂಡ ಸುಟ್ಟುಹಾಕಿದ.

ಇದೊಂದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಕಾಗದದ ಕಟ್ಟು ಒಂದೇ ಸಲಕ್ಕೆ ಹತ್ತಿಕೊಳ್ಳುವುದಿಲ್ಲ ಪುಟ್ಟಿ. ಬಚ್ಚಲೊಲೆಗೆ ಹಳೇ ಪುಸ್ತಕ ಹಾಕಿ ನೋಡಿದ್ದೇನೆ. ಅಂಚು ಕಪ್ಪಾಗುತ್ತದೆ, ನಡುವಿನ ಹಾಳೆ ಬೆಳ್ಳಗೇ ಉಳಿಯುತ್ತದೆ, ಕೋಲಿನಿಂದ ಕೆದಕಿ ಬಿಡಿಸಬೇಕು. ಅವನೂ ನಿಂತು ಕೆದಕಿದನೇ? ಬೂದಿಯಲ್ಲಿ ಅವಳ ಅಕ್ಷರ ಒಂದಾದರೂ ಉಳಿದಿತ್ತೇ? ರಾತ್ರಿ ಎಚ್ಚರವಾದರೆ ಇದೇ ಯೋಚನೆ.

22ನೇ ವಯಸ್ಸಿಗೆ ಆ ಸಂಸಾರ ಬಿಟ್ಟು ಐದು ಮಕ್ಕಳನ್ನು ಒಬ್ಬಳೇ ಸಾಕಿದಳು. ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಕೆಲಸ, ಆಮೇಲೆ ಸಮಾಜಶಾಸ್ತ್ರದ ಪದವಿ, ಮಕ್ಕಳು ಏಳುವ ಮುಂಚೆ ನಸುಕಿನಲ್ಲಿ ಬರವಣಿಗೆ. 1974ರ 'ಸೆಕೆಂಡ್ ಕ್ಲಾಸ್ ಸಿಟಿಜನ್' ಅನ್ನು ಮಕ್ಕಳಿಗೇ ಅರ್ಪಿಸಿದಳು. ಅವರ ಸಿಹಿ ಗಲಾಟೆ ಇರದಿದ್ದರೆ ಆ ಪುಸ್ತಕವೇ ಆಗುತ್ತಿರಲಿಲ್ಲವಂತೆ! ಸುಟ್ಟುಹೋದದ್ದನ್ನೂ ಮತ್ತೆ ಮೊದಲಿಂದ ಬರೆದಳು. 1976ರಲ್ಲಿ ಬಂದ 'ದ ಬ್ರೈಡ್ ಪ್ರೈಸ್' ಅದೇ.

ಅಳಿಯಂದಿರು ಅಂಥವರಲ್ಲ, ನನಗೆ ಗೊತ್ತು. ನನಗಿರುವ ಭಯ ನಿನ್ನದೇ. ಯಾರೂ ಕೇಳದಿದ್ದರೂ ನೀನಾಗಿ ರದ್ದಿ ಅಂದೆಯಲ್ಲ, ಅದರದ್ದು. ನಿನ್ನ ಮೊದಲ ಕಥೆ ಅಚ್ಚಾದಾಗ ಬೀದಿಯವರಿಗೆಲ್ಲ ಓದಿ ಹೇಳಿದವಳು ನಾನು.

ಹೋದ ಕೂಡಲೇ ನಿನ್ನ ಹೆಸರಲ್ಲೇ ಬ್ಯಾಂಕ್ ಖಾತೆ ತೆಗೆಸು. ಹತ್ತಿರದ ಲೈಬ್ರರಿಗೆ ಸೇರಿಕೋ. ಚಳಿ ಅಂತ ಮುಸುಕೆಳೆದು ಮಲಗಬೇಡ, ಬೇಗ ಏಳು, ಎದ್ದು ಅಡುಗೆಮನೆಗೆ ಹೋಗಬೇಡ, ಮೇಜಿಗೆ ಹೋಗು. ಉಪದೇಶ ಶುರುವಾಯಿತು ಅಂತ ಮುಖ ಸಿಂಡರಿಸಬೇಡ, ಇನ್ನು ಹೇಳಲು ಎದುರಿಗೆ ಸಿಗುತ್ತೀಯಾ?

ಈ ಪತ್ರ ಅಳಿಯಂದಿರಿಗೂ ಓದಲು ಕೊಡು. ಬೆಳಗಿನ ಆ ಒಂದು ಗಂಟೆ ಕೂಸನ್ನು ಅವರು ನೋಡಿಕೊಳ್ಳಲಿ.

ನಿನ್ನ ಅಮ್ಮ