ಆ ಟ್ಯಾಂಕ್ ತೆಗೆದು ಬಿಡು ಮಾರಾಯಾ

ಪ್ರೀತಿಯ ತಮ್ಮಾ,

ನೀನು ಕಳ್ಸಿದ್ ಕತೆ ಓದ್ದೆ. ಭಾಷೆ ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮೊದಲ ಮಹಾಯುದ್ಧದಲ್ಲಿ, 1915ರ ಮಾರ್ಚ್‌ನಲ್ಲಿ, ಬ್ರಿಟಿಷರ ಪರವಾಗಿ ಫ್ರಾನ್ಸಿನ ನೂವ್ ಶಪೆಲ್ ಅನ್ನೋ ಹಳ್ಳಿ ಹತ್ರ ಕಂದಕದಲ್ಲಿ ಕೂತಿರೋ ಗಢವಾಲಿ ಸಿಪಾಯಿಗೆ ಉಕ್ಕಿನ ಹೆಲ್ಮೆಟ್ ಹಾಕ್ಸಿದೀಯ, ಸಾಲ್ದು ಅಂತ ಮುಂದಿನ ಪ್ಯಾರಾದಲ್ಲಿ ಟ್ಯಾಂಕ್ ಬೇರೆ ಓಡ್ಸಿದೀಯ. ಟ್ಯಾಂಕ್ ಮೊದಲ ಸಲ ಯುದ್ಧಕ್ಕೆ ಇಳಿದಿದ್ದು 1916ರ ಸೆಪ್ಟೆಂಬರ್ 15ಕ್ಕೆ, ಫ್ರಾನ್ಸಿನ ಸೊಮ್ ಕದನದಲ್ಲಿ. ಅಷ್ಟೊತ್ತಿಗೆ ಭಾರತದ ಎರಡೂ ಕಾಲ್ದಳ ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ಪಡೆ) ಫ್ರಾನ್ಸ್ ಬಿಟ್ಟು ಎಷ್ಟೋ ತಿಂಗಳಾಗಿತ್ತು. ಹೆಲ್ಮೆಟ್ಟೂ ಅಷ್ಟೇ, ಬ್ರಿಟಿಷರ ಸ್ವಂತ ಸೈನಿಕರಿಗೇ 1915ರ ಕೊನೆಕೊನೆಗೆ ಬರೋಕೆ ಶುರುವಾಗಿದ್ದು.

ತಾರೀಖು ತಿದ್ಕೋಬಹುದು ಬಿಡು. ನನ್ ತಕರಾರು ಬೇರೆ. ನಿನ್ ಕತೇಲಿ ಆಯುಧ ಬಂದ ತಕ್ಷಣ ಮನುಷ್ಯ ಮಾಯ ಆಗ್ತಾನೆ. ಮೊದ್ಲು ಅವನ ದಿನ ಏನು ಅಂತ ಬರಿ. ಬೆಳಕು ಹರಿಯೋ ಮುಂಚೆ ಎಲ್ರೂ ಬಂದೂಕಿನ ತುದಿಗೆ ಬಯೊನೆಟ್ ಅನ್ನೋ ಚೂರಿ ಸಿಕ್ಕಿಸ್ಕೊಂಡು ಕಾಯ್ತಾ ನಿಲ್ಬೇಕು, ದಾಳಿ ಬರದಿದ್ರೆ ಬಂದೂಕು ಒರೆಸೋದು, ತಿನ್ನೋದು, ಹಗಲಲ್ಲಿ ತಲೆ ಎತ್ತಂಗಿಲ್ಲ ಸ್ನೈಪರ್ ಇರ್ತಾನೆ, ಹಾಗಾಗಿ ಕೂತಲ್ಲೇ ನಿದ್ದೆ, ಕತ್ಲಾದ್ಮೇಲೇ ನಿಜವಾದ ಕೆಲಸ ಅಂದ್ರೆ ಮರಳಚೀಲ ತುಂಬೋದು, ಮುಳ್ಳುತಂತಿ ರಿಪೇರಿ, ಹಿಂದಿನಿಂದ ನೀರು ರೇಷನ್ ಹೊತ್ಕೊಂಡು ಬರೋದು. ಅಂಗಿ ಹೊಲಿಗೆ ಉದ್ದಕ್ಕೂ ಮೇಣದಬತ್ತಿ ಆಡಿಸಿ ಹೇನು ಸುಡ್ತಿದ್ರು, ಬಟ್ಟೆ ಸುಡಬಾರ್ದು ಆದ್ರೆ ಹೇನು ಚಟ್ ಅನ್ಬೇಕು, ಅದಕ್ಕೂ ಕೈ ಪಳಗ್ಬೇಕಿತ್ತು. ಕೆಸರು ನೀರಲ್ಲಿ ನಿಂತೂ ನಿಂತೂ ಪಾದ ಊದ್ಕೊಂಡು ಕೊಳೀತಿತ್ತು, ತಿಮಿಂಗಿಲದ ಎಣ್ಣೆ ತಿಕ್ಕಿಸ್ತಿದ್ರು.

ಹೊಸ ಆಯುಧಾನ ಈ ದಿನಚರಿ ಒಳಗೇ ತಗೊಂಡ್ಬಾ. ಕೈಬಾಂಬು ಸಾಕಾಗದೆ ಇದ್ದಾಗ ಖಾಲಿ ಜಾಮ್ ಡಬ್ಬಿಗೆ ಸ್ಫೋಟಕ, ಮೊಳೆ, ಕಬ್ಬಿಣದ ಚೂರು ತುಂಬಿ ಬತ್ತಿ ಹಚ್ಚಿ ಎಸೀತಿದ್ರು, ನಿನ್ನೆ ಬ್ರೆಡ್ಡಿಗೆ ಹಚ್ಕೊಂಡು ತಿಂದ ಡಬ್ಬಿ ಇವತ್ತು ಬಾಂಬು! 1915ರ ಏಪ್ರಿಲ್ 22ಕ್ಕೆ ಬೆಲ್ಜಿಯಂನ ಈಪ್ರ್ ಹತ್ರ ಜರ್ಮನ್ನರು ಕ್ಲೋರಿನ್ ವಿಷಗಾಳಿ ಬಿಟ್ರು, ನಾಲ್ಕು ದಿನ ಆದ್ಮೇಲೆ ಅಲ್ಲೇ ಭಾರತದ ಆ ಎರಡರಲ್ಲಿ ಒಂದಾದ ಲಾಹೋರ್ ಡಿವಿಷನ್ ದಾಳಿಗೆ ಹೋಯ್ತು, ಸರಿಯಾದ ಮಾಸ್ಕ್ ಇಲ್ಲ, ಒದ್ದೆ ಬಟ್ಟೆನೇ ಗತಿ. ಆ ಬಟ್ಟೆ ಯಾವ್ದು, ನೀರು ಎಲ್ಲಿಂದ ತಂದ ಅಂತ ಯೋಚ್ನೆ ಮಾಡು, ಸೀನ್ ತಾನಾಗೇ ಬರತ್ತೆ. ಹಸಿರು ಮೋಡದ ವರ್ಣನೆ ಎಲ್ರೂ ಮಾಡ್ತಾರೆ.

ಇನ್ನು ನೂವ್ ಶಪೆಲ್. ಮಾರ್ಚ್ 10ರ ಬೆಳಗ್ಗೆ ಬ್ರಿಟಿಷರ ಫಿರಂಗಿಗಳು 35 ನಿಮಿಷ ಗುಂಡು ಸುರಿಸಿದ್ವು, ಜರ್ಮನ್ನರ ಮುಳ್ಳುತಂತಿ ಬಹುತೇಕ ಕಡೆ ಹರೀತು, ಆದ್ರೆ ಗಢವಾಲಿಗಳ ಒಂದು ಬೆಟಾಲಿಯನ್ ದಾರಿ ತಪ್ಪಿ ಬಲಕ್ಕೆ ವಾಲಿ ತಂತಿ ಹಾಗೇ ಉಳಿದಿದ್ ಜಾಗಕ್ಕೇ ಹೋಯ್ತು. ನಿನ್ ಕತೆ ಇಲ್ಲಿದೆ ನೋಡು, ಟ್ಯಾಂಕಲ್ಲಲ್ಲ. ಮಷಿನ್‌ಗನ್ ಎದುರಿಗೆ ತಂತಿ ಮುಂದೆ ನಿಂತೋನು ಏನ್ ಮಾಡ್ತಾನೆ?

ಬೆಂಗಳೂರು ಕನೆಕ್ಷನ್ ಬೇಕು ಅಂತ ಮೈಸೂರು ಸಂಸ್ಥಾನದ ಕುದುರೆದಳ ಮೈಸೂರು ಲ್ಯಾನ್ಸರ್ಸನ್ನ ಫ್ರಾನ್ಸಿನ ಕಂದಕಕ್ಕೆ ಎಳ್ಕೊಂಡ್ಬಂದಿದೀಯ, ಬೇಡ, ಅವ್ರು ಇದ್ದಿದ್ದು ಈಜಿಪ್ಟ್ ಪ್ಯಾಲೆಸ್ಟೈನ್ ಕಡೆ. ನಿಜವಾದ ಕನೆಕ್ಷನ್ ಬೇರೆನೇ ಇದೆ, ಬೆಂಗಳೂರ್ ಟಾರ್ಪೆಡೋ. 1912ರಲ್ಲಿ ಬೆಂಗಳೂರಲ್ಲೇ, ಸೈನ್ಯದ ಇಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ಮಾಡಿದ್ದು, ಸ್ಫೋಟಕ ತುಂಬಿದ ಪೈಪುಗಳನ್ನ ಒಂದಕ್ಕೊಂದು ಜೋಡಿಸ್ತಾ ಮುಳ್ಳುತಂತಿ ಕೆಳಗೆ ತಳ್ಳೋದು, ಆಮೇಲೆ ಸಿಡಿಸಿ ದಾರಿ ಮಾಡೋದು. ಆ ಮಹಾಯುದ್ಧದಲ್ಲಿ ಬಳಸಿದ್ರು. ಬೇರೆ ಕತೇಲಿ ತಗೋ ಅದನ್ನ, ಸಿಡಿಯೋದನ್ನ ಒಂದು ಸಾಲಲ್ಲಿ ಮುಗ್ಸು, ಹೊಟ್ಟೆ ಮೇಲೆ ಮಲಗಿ ಪೈಪ್ ತಳ್ಳೋದಕ್ಕೆ ಎರಡು ಪುಟ ಕೊಡು. ತಿದ್ದಿದ್ಮೇಲೆ ಕಳ್ಸು, ಓದ್ತೀನಿ.

ಇಂತಿ,
ನಿನ್ನ ಅಣ್ಣ