ರಾಬರ್ಟ್‌ಸನ್‌ಪೇಟೆಯ ಆ ಹಿರಿಯರಿಗೆ

ಕೆಜಿಎಫ್ ಗಣಿ ಕಾರ್ಮಿಕರ ಮೇಲೆ ನಾನು ಬರೆದ ಲೇಖನವನ್ನು ತುಂಬಾ ಜನ ಮೆಚ್ಚಿದ್ದಾರೆ. ಆ ಮೆಚ್ಚುಗೆಯಲ್ಲಿ ದೊಡ್ಡ ಪಾಲು ನಿಮ್ಮದು. ಹೆಸರು ಹಾಕಬೇಡಪ್ಪ ಅಂದಿದ್ದಿರಿ. ಹಾಕುವುದಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋದದ್ದು, 2001ರಲ್ಲಿ ಎಲ್ಲ ಮುಚ್ಚಿದ್ದು: ಇದೆಲ್ಲ ಪುಸ್ತಕದಲ್ಲೇ ಸಿಗುತ್ತದೆ. ಆದರೆ ಅಷ್ಟರಿಂದಲೇ ಕಥನ ಆಗುವುದಿಲ್ಲ, ಅಲ್ವಾ? ಓದುವವರಿಗೆ ಕೆಳಗಿನ ಆ ಸೆಕೆ ತಾಗಬೇಕು. ಅದಕ್ಕೆ ದಾರಿ ತೋರಿಸಿದವರು ನೀವು. "ಕಷ್ಟ ಇತ್ತಾ ಅಂತ ಕೇಳಬೇಡ. ಊಟದ ಡಬ್ಬಿಯಲ್ಲಿ ಏನಿರ್ತಿತ್ತು ಅಂತ ಕೇಳು" ಅಂದಿರಿ. ಸುಮ್ನೆ ಕೂತಿದ್ದವರೂ ಆ ಒಂದು ಪ್ರಶ್ನೆಗೆ ಮಾತು ಶುರು ಮಾಡಿದರು. ಅವರ ತಮಿಳನ್ನು ನೀವು ಕನ್ನಡದಲ್ಲಿ ಹೇಳುವಾಗ ಒಂದು ಮಾತನ್ನೂ ಜಾಸ್ತಿ ಸೇರಿಸಲಿಲ್ಲ, ಅಳು ಬಂದ ಕಡೆಯೂ ಸೇರಿಸಲಿಲ್ಲ. ನಿಜ ಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಗಣಿಯೊಳಗೆ ಬಂಡೆ ಸಿಡಿದ ಆ ರಾತ್ರಿಯನ್ನು ಇಬ್ಬರು ಬೇರೆ ಬೇರೆ ಥರ ಹೇಳಿದರು. ಯಾವುದು ಚೆನ್ನಾಗಿದೆಯೋ ಅದನ್ನು ಆರಿಸಿಕೊಳ್ಳುವ ಆಸೆ ಬರೆಯುವ ಯಾರಿಗಾದರೂ ಇರುತ್ತದೆ. ನೀವು ಹಳೆಯ ಕಾಗದಪತ್ರ ಜೋಪಾನ ಮಾಡಿದ್ದ ಮನೆಗೆ ಕರೆದುಕೊಂಡು ಹೋದಿರಿ. ಪಾಳಿಯಲ್ಲಿ ಯಾರಿದ್ದರು ಅನ್ನುವುದು ಅಲ್ಲಿ ತಿಳಿಯಿತು. ಉಳಿದದ್ದು ತಿಳಿಯಲಿಲ್ಲ. ಹಾಗಾಗಿ ಇಬ್ಬರ ಮಾತನ್ನೂ ಹಾಗೇ ಬರೆದಿದ್ದೇನೆ.

ಪತ್ರಿಕೆಯ ಪ್ರತಿಯನ್ನು ನೀವು ಹೇಳಿದ ಟೀ ಅಂಗಡಿಯಲ್ಲಿ ಕೊಟ್ಟಿದ್ದೇನೆ. ತುಂಬಾ ಧನ್ಯವಾದ. ಮುಂದಿನ ಭಾಗ ಗಣಿ ಕಾರ್ಮಿಕರ ಮನೆಯ ಹೆಂಗಸರ ಬಗ್ಗೆ. ಯಾರನ್ನು ಮೊದಲು ಮಾತಾಡಿಸಲಿ, ಹೇಳಿ.